ಕಾರ್ನಿಶ್ ತೋರಿಸ್ತೀನಿ ಅಂದವನು

ಬನ್ನಿಮಂಟಪದಲ್ಲಿ ಯಾವ ಆಟೋ ಹತ್ತಿ "ಕಾರ್ನಿಶ್" ಅಂದರೂ ಸಾಕು, ಚಾಮುಂಡೇಶ್ವರಿಯ ಇಡ್ಲಿ ಗಾಡಿಯ ಮುಂದೆ ತಂದು ಇಳಿಸುತ್ತಾರೆ. ಹೆಬ್ಬಾಳದ ಫ್ಯಾಕ್ಟರಿಗಳಿಗೆ ಬೆಳಗಿನ ಪಾಳಿಗೆ ಹೋಗುವವರು ಬಸ್ಸು ಬರುವಷ್ಟರಲ್ಲಿ ಅಲ್ಲೇ ನಿಂತು ತಿಂಡಿ ಮುಗಿಸುವುದು. ಕಾರ್ನಿಶ್ ಅಂದರೆ ಇಡ್ಲಿಗೇ ಇರುವ ಇನ್ಯಾವುದೋ ಹೆಸರು ಎಂದುಕೊಂಡವರೂ ಇದ್ದಾರೆ. ಅವರನ್ನು ಅಂದು ಏನು ಪ್ರಯೋಜನ? ಸಮುದ್ರದ ದಂಡೆಯ ರಸ್ತೆಯ ಹೆಸರದು, ಮೈಸೂರಿನಲ್ಲಿ ಸಮುದ್ರ ಎಲ್ಲಿಂದ ಬರಬೇಕು!

ಆ ಮಾತನ್ನು ಈ ಬೀದಿಗೆ ತಂದವನು ಅವಳ ಗಂಡ ಮಹದೇವು. ಅಬುಧಾಬಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಸಮುದ್ರದ ಪಕ್ಕದ ರಸ್ತೆಯುದ್ದಕ್ಕೂ ನೆಟ್ಟ ಗಿಡಗಳಿಗೆ ನೀರು ಬಿಡುವುದು ಅವನ ಕೆಲಸ. ಶುಕ್ರವಾರ ರಜೆಯ ದಿನವಾದರೂ ರೂಮಿನಲ್ಲಿ ಬಿದ್ದುಕೊಳ್ಳಬಾರದೇ? ಇಲ್ಲ, ಅದೇ ರಸ್ತೆಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಹೆಂಡತಿಗೆ ವಿಡಿಯೋ ಕಾಲ್ ಮಾಡುತ್ತಿದ್ದ.

"ಇದೇ ಕಣೆ ಚಾಮಿ, ಕಾರ್ನಿಶ್ಶು. ಅರಬ್ಬಿ ಮಾತಲ್ಲ, ಫ್ರೆಂಚರದ್ದಂತೆ. ಮೊದ್ಲು ಬೆಟ್ಟದ ಅಂಚು ಕೊರೆದು ಮಾಡಿದ ರಸ್ತೆಗೆ ಅಂತಿದ್ರಂತೆ. ಈಗ ಸಮುದ್ರದ ಮಗ್ಗುಲಲ್ಲಿ ಚೆಂದದ ರಸ್ತೆ ಇದ್ರೆ ಅದಕ್ಕೆಲ್ಲ ಅದೇ ಹೆಸ್ರು. ನಮ್ ರೂಮಿನ ಕೇರಳದೋನು ಹೇಳ್ದ."

"ರಸ್ತೆಗೊಂದು ಹೆಸ್ರು ಬೇರೆ ಕೇಡು!" ಅನ್ನುತ್ತಿದ್ದಳು ಅವಳು, ಕಣ್ಣು ಮಾತ್ರ ಫೋನಿನಿಂದ ಕೀಳದೆ.

"ಬರೀ ರಸ್ತೆ ಅಲ್ಲ ಕಣೆ. ಇಲ್ಲಿ ಯಾರೂ ಕೆಲ್ಸ ಇದೆ ಅಂತ ನಡೆಯಲ್ಲ. ಗಂಡ ಹೆಂಡ್ತಿ ಸುಮ್ನೆ ನಡೀತಾರೆ. ಒಂದ್ಸಲ ನಿನ್ನ ಇಲ್ಲಿ ನಡೆಸ್ದೆ ಇದ್ರೆ ಕೇಳು."

ಸುಮ್ಮನೆ ನಡೆಯುವುದು! ಮದುವೆಯಾದಾಗಿನಿಂದ ಅವರಿಬ್ಬರೂ ಜೊತೆಯಾಗಿ ನಡೆದದ್ದು ರೇಷನ್ ಅಂಗಡಿಗೆ, ದೊಡ್ಡಾಸ್ಪತ್ರೆಗೆ, ಮಗಳು ವರ್ಷಿಣಿಯ ಶಾಲೆಗೆ. ಹಾಗಾಗಿ ಆ ಮಾತು ಚಾಮುಂಡೇಶ್ವರಿಯ ಎದೆಯಲ್ಲಿ ಕೂತುಬಿಟ್ಟಿತು. ಗಾಡಿ ಹಾಕಿದಾಗ ಹೆಸರೂ ಅದೇ ಆಗಬೇಕೆಂದು ಹಟ ಹಿಡಿದಳು. ಬೋರ್ಡು ಬರೆದ ಸದಾಶಿವಯ್ಯನವರು ಖರ್ಜೂರದ ಮರ ಬರೀರಿ ಅಂದರೆ ತೆಂಗಿನ ಮರ ಬರೆದು ಹೋದರು. ಹೋಗಲಿ ಬಿಡಿ, ನೀಲಿ ನೀರಂತೂ ಬರೆದಿದ್ದರು. ಬೆಳಗ್ಗೆ ಸೊಂಟ ಹಿಡಿದುಕೊಂಡು ಇಡ್ಲಿ ಪಾತ್ರೆ ಇಳಿಸುವಾಗ ಒಮ್ಮೆ ಆ ನೀಲಿಯ ಕಡೆ ನೋಡುವಳು. ಅವಳದು ಅಂತ ಇದ್ದ ಆಸೆ ಅದೊಂದೇ.

ಈ ಸಲ ವೀಸಾ ಆಗುತ್ತೆ, ಬರುವ ವರ್ಷ ಗ್ಯಾರಂಟಿ ಎಂದು ಮಹದೇವು ಮುಂದಕ್ಕೆ ಹಾಕುತ್ತಲೇ ಹೋದ. ಕೊನೆಗೊಂದು ಶುಕ್ರವಾರ ಅವಳು ರೇಗಿಬಿಟ್ಟಳು. "ತೋರ್ಸೋಕೆ ಆಗ್ದೆ ಇದ್ಮೇಲೆ ಯಾಕ್ರೀ ಆಸೆ ಹುಟ್ಟಿಸ್ತೀರಾ? ಇನ್ ಆ ಕಾರ್ನಿಶ್ ಸುದ್ದಿ ನನ್ ಹತ್ರ ಎತ್ಬೇಡಿ." ಅವನು ಫೋನನ್ನು ಸ್ವಲ್ಪ ಹೊತ್ತು ಸಮುದ್ರದ ಕಡೆ ಹಿಡಿದುಕೊಂಡೇ ಇದ್ದು, ಆಮೇಲೆ ಇಟ್ಟ.

ಮುಂದಿನ ಶುಕ್ರವಾರ ಅವನ ಪಾಲಿಗೆ ಬರಲಿಲ್ಲ. ನಿದ್ದೆಯಲ್ಲೇ ಎದೆ ನಿಂತುಹೋಗಿತ್ತಂತೆ. ಪೆಟ್ಟಿಗೆಯಲ್ಲಿ ಬಂದವನನ್ನು ಇಲ್ಲೇ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಗಂಡ ಬಂದಿದ್ದಾನೆ, ಕೊಟ್ಟ ಮಾತು ಬಂದಿಲ್ಲ ಎಂಬ ಸಿಟ್ಟೇ ಅವಳಿಗೆ.

ಮೂರನೇ ದಿನ ಹಾಲು ತುಪ್ಪ. ಸಮಾಧಿಯ ಮೇಲೆ ಹಾಲು ತುಪ್ಪ ಬಿಟ್ಟು, ಬಾಳೆ ಎಲೆಯಲ್ಲಿ ಕಜ್ಜಾಯ, ಅವಳ ಕೈಯ ಇಡ್ಲಿ, ಒಂದು ಕಟ್ಟು ಬೀಡಿ ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತರು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದೇ ಅರ್ಥ. ಕಾಗೆಗಳೇನೋ ಹೊಂಗೆ ಮರದ ತುಂಬ ಇದ್ದವು. ಒಂದೂ ಇಳಿಯಲಿಲ್ಲ.

ಮಹದೇವುವಿನ ಅಣ್ಣ ರಾಮಯ್ಯ ಕೈ ಮುಗಿದು ಕೂಗಿದ. "ಮಗಳ ಮದ್ವೆ ನನ್ ಜವಾಬ್ದಾರಿ ಕಣಪ್ಪಾ, ಯೋಚ್ನೆ ಮಾಡ್ಬೇಡ." ಕಾಗೆ ಬರಲಿಲ್ಲ. "ಅಪ್ಪಾ, ನಾನು ಓದು ಬಿಡಲ್ಲ" ಎಂದಳು ವರ್ಷಿಣಿ, ಅಳುತ್ತಾ. ಬರಲಿಲ್ಲ. ಬಿಸಿಲು ಏರಿತು, ಇಡ್ಲಿ ಒಣಗಿತು.

"ನೀನೊಂದ್ ಮಾತು ಹೇಳವ್ವ," ಎಂದ ರಾಮಯ್ಯ. "ಏನೋ ಉಳ್ಕೊಂಡದೆ ಅವನ್ಗೆ."

ಏನು ಉಳಿದಿದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಮೊದಲ ಹೊತ್ತಿನಿಂದಲೂ ಗೊತ್ತಿತ್ತು. ನಾನೇ ಹೋಗಿ ನೋಡಿಕೊಂಡು ಬರ್ತೀನಿ ಅಂದರೆ ಅದು ಸುಳ್ಳು, ಎಲ್ಲಿಂದ ಹೋಗುತ್ತಾಳೆ? ಅವನಿಗೆ ಬಿಡುಗಡೆ ಬೇಕಾದರೆ ಆ ಆಸೆಯನ್ನೇ ಅವಳು ಬಿಟ್ಟುಕೊಡಬೇಕು. ಗಂಡನೂ ಹೋದ, ಇದೂ ಹೋಗಬೇಕೇ? ಆದರೂ ಸಮಾಧಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತಳು.

"ರೀ, ನಂಗೆ ಕಾರ್ನಿಶ್ ಬೇಡ ಕಣ್ರೀ. ತೋರ್ಸಲಿಲ್ಲ ಅಂತ ಇನ್ಯಾವತ್ತೂ ಅನ್ನಲ್ಲ. ಆ ಮಾತು ಇಲ್ಲಿಗೇ ಬುಟ್ಬುಡಿ. ನೆಮ್ಮದಿಯಾಗಿ ಹೋಗಿ."

ಎದ್ದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ರೆಕ್ಕೆ ಬಡಿದ ಸದ್ದಾಯಿತು. "ಮುಟ್ತು, ಮುಟ್ತು!" ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಅವಳು ತಿರುಗಿ ನೋಡಲಿಲ್ಲ. ಪೆಟ್ಟಿಗೆ ಬಂದ ದಿನ ಬಾರದಿದ್ದ ಅಳು ಆಗ ಬಂತು. ಇಬ್ಬರು ಹಿಡಿದುಕೊಂಡರೂ ನಿಲ್ಲಲಿಲ್ಲ.

ತಿಥಿ ಮುಗಿಸಿ ಮತ್ತೆ ಗಾಡಿ ಹಾಕಿದ ಬೆಳಗ್ಗೆ, ಹೆಬ್ಬಾಳದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಬೋರ್ಡು ನೋಡುತ್ತಿದ್ದಳು.

"ಆಂಟಿ, ಕಾರ್ನಿಶ್ ಅಂದ್ರೆ ಏನು?"

"ಒಂದ್ ಕಡೆ ಊರು, ಒಂದ್ ಕಡೆ ಸಮುದ್ರ. ಮಧ್ಯ ಸುಮ್ನೆ ನಡ್ಕೊಂಡು ಹೋಗೋ ರಸ್ತೆ ಕಣಮ್ಮ."

"ನೀವು ನೋಡಿದ್ದೀರಾ?"

ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದ ವರ್ಷಿಣಿ ಕೈ ನಿಲ್ಲಿಸಿ ತಾಯಿಯ ಮುಖ ನೋಡಿದಳು.

"ನೋಡ್ದೆ ಏನು?" ಎಂದಳು ಚಾಮುಂಡೇಶ್ವರಿ. "ನಮ್ಮೆಜಮಾನ್ರು ಮಾತು ತಪ್ಪೋರಲ್ಲ. ಕರ್ಕೊಂಡೋಗಿ ತೋರ್ಸುದ್ರು. ಕೈ ಹಿಡ್ಕೊಂಡು ಈ ತುದಿಯಿಂದ ಆ ತುದಿಗೂ ನಡೆಸುದ್ರು." ಆಮೇಲೆ ಸೌಟು ತೆಗೆದುಕೊಂಡು, "ಚಟ್ನಿ ಇನ್ನೊಂಚೂರು ಹಾಕ್ಲಾ?" ಎಂದಳು.