ಮರಿ ತೋರಿಸದ ಕೆಂಚಿ

ಅರಸೀಕೆರೆಯಲ್ಲಿ ಧರ್ಮಪ್ಪ ಯಾವ ಬೀದಿಗೆ ಕಾಲಿಟ್ಟರೂ ಮೊದಲು ಗೊತ್ತಾಗುವುದು ನಾಯಿಗಳಿಗೆ. ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಹೆಂಡತಿಯ ಜೊತೆ ಮದುವೆಗೆ ಹೊರಟರೂ ಅಷ್ಟೇ, ಬೀದಿ ತುಂಬ ಬೊಗಳಾಟ. ಹಾರನಹಳ್ಳಿ ರಸ್ತೆಯ ನಾಯಿ ಕೇಂದ್ರಕ್ಕೆ ಬಲೆ ಹಾಕಿ ನಾಯಿ ಹಿಡಿದು ತರುವುದು ಅವನ ಕೆಲಸ. ತಂದ ನಾಯಿಗೆ ಡಾಕ್ಟರು ಮರಿಯಾಗದಂತೆ ಆಪರೇಷನ್ ಮಾಡಿ, ಹುಚ್ಚು ಬಾರದಂತೆ ಇಂಜೆಕ್ಷನ್ ಕೊಟ್ಟು, ಗುರುತಿಗೆ ಕಿವಿಯ ತುದಿ ಕತ್ತರಿಸುತ್ತಾರೆ. ಗಾಯ ಮಾಗಿದ ಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡಬೇಕು. ಹಾಲೂಡಿಸುವ ತಾಯಿಯನ್ನು ಮಾತ್ರ ಹಿಡಿಯುವಂತಿಲ್ಲ. ಬಲೆ ಬೀಸುವ ಮೊದಲು ಹೊಟ್ಟೆ ನೋಡಿ ಎಂದು ಹೊಸಬರಿಗೆ ಪಾಠ ಹೇಳುವವನೂ ಧರ್ಮಪ್ಪನೇ.

ಅಂಥವನೇ ಎಡವಿದ. ಒಂದು ಬೆಳಿಗ್ಗೆ ನಾಯಿಗಳಿಗೆ ಅನ್ನ ಹಾಕಲು ಹೋದ ಕೇಂದ್ರದ ಕೆಲಸದ ಗಿಡ್ಡಮ್ಮ ಪಂಜರದ ಮುಂದೆ ನಿಂತು ಕೂಗಿದಳು.

"ಧರ್ಮಣ್ಣ, ಬಿರ್ರನೆ ಬಾ. ಈ ಕೆಂಚಿಗೆ ಮೊಲೆ ತುಂಬ ಹಾಲೈತೆ ಕಣಣ್ಣ! ಎಲ್ಲಿಂದ ತಂದೆ ಇವಳನ್ನ?"

ಧರ್ಮಪ್ಪ ಓಡಿ ಬಂದ. ನಿನ್ನೆ ಸಂಜೆ ಕೆಂಚು ಬಣ್ಣದ ಎರಡು ಹೆಣ್ಣುನಾಯಿ ಹಿಡಿದಿದ್ದ, ಒಂದು ಸ್ಟೇಷನ್ ಹಿಂದೆ, ಇನ್ನೊಂದು ಕೊಬ್ಬರಿ ಮಂಡಿಯಲ್ಲಿ. ಕಚ್ಚೋಕೆ ಬರ್ತವೆ, ಬೇಗ ಹಿಡೀರಿ ಎಂದು ಎರಡೂ ಕಡೆ ಜನ ಮೈಮೇಲೆ ಬಿದ್ದಿದ್ದರು. ಆ ಗಲಾಟೆಯಲ್ಲಿ ಹೊಟ್ಟೆ ನೋಡುವುದು ಮರೆತಿತ್ತು. ಕಚ್ಚಲು ಬಂದದ್ದು ಮರಿಗಳಿಗಾಗಿ ಎಂದು ಈಗ ಹೊಳೆದು ಏನು ಬಂತು! ರಾತ್ರಿಯೆಲ್ಲ ಹಾಲಿಲ್ಲದ ಮರಿಗಳು, ಸುತ್ತ ಹೆಗ್ಗಣ, ಲಾರಿ ಚಕ್ರ.

"ಬದುಕಿರ್ತಾವೇನ್ ಗಿಡ್ಡಮ್ಮ?"

"ನನ್ನೇನ್ ಕೇಳ್ತೀಯ, ಗಾಡಿ ತೆಗಿ," ಎಂದು ಅವಳೂ ಹತ್ತಿ ಕೂತಳು.

ಮೊದಲು ಬಿಟ್ಟು ಬನ್ನಿ ಎಂದು ಡಾಕ್ಟರೂ ಫೋನಿನಲ್ಲಿ ಹೇಳಿದರು. ಆದರೆ ಎರಡರಲ್ಲಿ ಇದು ಯಾವುದೆಂದೇ ಗುರುತಿಲ್ಲ, ಬಿಡುವುದೆಲ್ಲಿ? ಜಾಗ ತಪ್ಪಿದರೆ ಅಲ್ಲಿಯ ನಾಯಿಗಳು ಇದನ್ನು ಅಟ್ಟಾಡಿಸುತ್ತವೆ, ಮರಿಗಳ ಕಥೆ ಮುಗಿದಂತೆಯೇ.

ಸ್ಟೇಷನ್ ಹಿಂದೆ ಗಾಡಿ ನಿಲ್ಲಿಸಿದಾಗ ಕೆಂಚಿ ತಲೆಯನ್ನೂ ಎತ್ತಲಿಲ್ಲ. ಸತ್ತೇ ಹೋಗುತ್ತದೇನೋ ಎಂದು ಹೆದರಿದ ಧರ್ಮಪ್ಪ ಗಾಡಿಯನ್ನು ಕೊಬ್ಬರಿ ಮಂಡಿಗೆ ತಿರುಗಿಸಿದ. ಮಂಡಿಯ ಗೇಟು ದಾಟುತ್ತಲೇ ಅದು ಎದ್ದು, ಕಂಬಿಗೆ ಮೂತಿ ಒತ್ತಿ ಕುಂಯ್‌ಗುಟ್ಟಿತು. ಅವನು ಚಿಲಕ ತೆಗೆದ.

ಕೆಂಚಿ ಕೆಳಗೆ ಹಾರಿ ನಾಲ್ಕು ಹೆಜ್ಜೆ ಹೋಯಿತು. ತಿರುಗಿ ಅವನನ್ನು ನೋಡಿತು. ಮತ್ತೆ ಎರಡು ಹೆಜ್ಜೆ, ಮತ್ತೆ ನೋಟ. ಕೊನೆಗೆ ಅಂಗಳದ ನಡುವೆ ಕೂತೇಬಿಟ್ಟಿತು.

"ಹೋಗವ್ವ, ದಮ್ಮಯ್ಯ ಹೋಗು," ಧರ್ಮಪ್ಪ ಅಂಗಲಾಚಿದ. "ಅಲ್ಲಿ ಅವು ಸತ್ತೋಯ್ತಾವೆ!"

"ನೀನಿದ್ರೆ ಹೋಗಾಕಿಲ್ಲ ಕಣಣ್ಣ," ಎಂದಳು ಗಿಡ್ಡಮ್ಮ. "ಹಿಡ್ಕೊಂಡ್ ಹೋದೋನ್ಗೆ ಯಾವ ತಾಯಿ ಮರಿ ತೋರಿಸ್ತಾಳೆ? ಗೇಟಾಚೆ ನಡಿ."

ಆ ಮಾತು ನಾಟಿತು. ಅವನು ಹೊರಗೆ ಹೋಗಿ ಕಾಂಪೌಂಡಿಗೆ ಒರಗಿ ನಿಂತ. ಒಳಗೆ ಮೂಟೆ ಇಳಿಸುವ ಸದ್ದು ಬಿಟ್ಟರೆ ಬೇರೇನೂ ಕೇಳದು. ಮನೆದೇವರಿಗೆ ಹರಕೆ ಹೊತ್ತ. ಆಮೇಲೆ ತೆಂಗಿನ ಚಿಪ್ಪಿನ ರಾಶಿಯ ಕಡೆಯಿಂದ ಸಣ್ಣಗೆ ಕೀಚಲು ದನಿ ಬಂತು.

"ಒಂದ್ ಮರಿ ಸತ್ತೋಗೈತೆ ಕಣಣ್ಣ," ಗಿಡ್ಡಮ್ಮನ ಕೂಗು ಕೇಳಿತು. "ಮೂರು ಹಾಲು ಕುಡೀತಾವೆ. ಬಾ, ನೋಡು!"

ಧರ್ಮಪ್ಪ ಕಣ್ಣೊರೆಸಿಕೊಂಡ. ಗೇಟಿನವರೆಗೆ ಬಂದವನು ಅಲ್ಲೇ ನಿಂತ.

"ಬ್ಯಾಡ ಬಿಡು. ದೊಡ್ಡವಾದ್ಮೇಲೆ ನಾನೇ ಹಿಡಿಯಾಕೆ ಬರ್ಬೇಕು. ಅಲ್ಲೀಗಂಟ ನನ್ನ ವಾಸ್ನೆ ಅವಕ್ಕೆ ಗೊತ್ತಾಗೋದು ಬ್ಯಾಡ."

ಹೋಗಿ ಗಾಡಿಯಲ್ಲಿ ಕೂತ. ಎದುರು ಬೀದಿಯ ನಾಯಿಗಳು ಆಗಲೇ ಬೊಗಳುತ್ತಿದ್ದವು.