ಭರಮಣ್ಣನ ಬಾಯಿಗೆ ಬೀಳದ ನೀರು

ಕೊಕಟನೂರಿನ ಜಾತ್ರೆಗೆ ಹೋಗಿಬಂದ ಪಕ್ಕದ ಮನೆಯಾಕೆ ಅಲ್ಲಿ ಕಂಡ ಪವಾಡ ಹೇಳಲು ಕುಳಿತರೆ, ಕುಕ್ಕರ್ ಕೂಗಿತೆಂದು ನೆಪ ಹೇಳಿ ಎದ್ದು ಹೋಗುತ್ತಿದ್ದವಳು ನಾನು. ಇದನ್ನು ಓದುತ್ತಾ ನೀವೂ ಹಾಗೆ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ರಾಯಬಾಗದ ಕಡೆಯ ನಮ್ಮ ಸಣ್ಣ ಊರು ಹೆಸರಾಗಿದ್ದೇ ಝರಿಯಿಂದ. ಕಲ್ಲುಸಂದಿಯಿಂದ ಬೇಸಿಗೆಯಲ್ಲೂ ನೀರು ಬರುತ್ತಿತ್ತು. ಬಸ್ಸಿಳಿದವರು ಬಾಟಲಿ ತುಂಬಿಕೊಂಡೇ ಮುಂದೆ ಹೋಗುತ್ತಿದ್ದರು. ನಮ್ಮದು ಜೈನರ ಮನೆ. ಅತ್ತೆ ದಿನಾ ಬೆಳಿಗ್ಗೆ ಆ ನೀರನ್ನು ದಪ್ಪ ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಮತ್ತೆ ಝರಿಗೇ ಬಿಟ್ಟು ಬರುತ್ತಿದ್ದರು. ಯಾವ ನೀರಿನ ಜೀವವೋ ಆ ನೀರಿಗೇ ಸೇರಬೇಕು ಎನ್ನುವುದು ನಮ್ಮ ರೂಢಿ. ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಹೆಂಗಸು ಅವರು.

ಅವರ ತಮ್ಮ ಭರಮಣ್ಣ ಝರಿಯ ಮೇಲಿನ ಜಾಗ ಕೊಂಡು ಬೋರು ಕೊರೆಸಿದ. ಸಂಬಂಧದಲ್ಲಿ ನನಗೆ ಮಾವ, 'ಅವರು' ಎಂದು ಬರೆಯಬೇಕು. ಕೈ ಬರುವುದಿಲ್ಲ. ಅತ್ತೆ ಅವನ ಮನೆಗೇ ಹೋಗಿ ಬೇಡವೆಂದು ಅಂಗಲಾಚಿದರು. "ನೀರಿನ ಮ್ಯಾಲ ನಿನ್ನ ಹೆಸರ ಬರದೈತೇನಬೇ ಅಕ್ಕಾ?" ಎಂದು ನಕ್ಕ. ಹಗಲೂ ರಾತ್ರಿ ಟ್ಯಾಂಕರ್ ತುಂಬಿ ನೀರು ಮಾರಿದ. ಆ ಬೇಸಿಗೆಯಲ್ಲಿ ಝರಿ ನಿಂತಿತು. ಕೆಸರಿನಲ್ಲಿ ಪುಟ್ಟ ಮೀನು, ಹುಳುಗಳು ಒದ್ದಾಡಿ ಸತ್ತವು. ಅತ್ತೆ ಅಲ್ಲೇ ಕುಕ್ಕರಿಸಿ ಕುಳಿತು, "ಇಷ್ಟ ಜೀವ ನೀರಿಲ್ಲದ ಸತ್ತೂವು. ಅವನ ಬಾಯಿಗೂ ನೀರ ಬೀಳಬಾರ್ದು" ಎಂದರು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುವ ದಿನವಿದೆ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಅಂದು ಮಧ್ಯಾಹ್ನ ಭರಮಣ್ಣ ಬಂದ. ಊರವರು ಅವನ ಜೊತೆ ಮಾತು ಬಿಟ್ಟಿದ್ದರು. ಅಕ್ಕನೇ ಕ್ಷಮಿಸಿದಳೆಂದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂಬ ಲೆಕ್ಕಾಚಾರ. ಆಗಲೂ ಅತ್ತ ಬೋರಿನ ಮೋಟರ್ ಸದ್ದು ನಿಂತಿರಲಿಲ್ಲ.

"ಅಕ್ಕಾ, ಉತ್ತಮ ಕ್ಷಮಾ ಅನ್ನಬೇ."

ಅತ್ತೆ ಅನ್ನಲಿಲ್ಲ. "ಬಿಸಲಾಗ ಬಂದಾನ, ಮೊದ್ಲ ನೀರ ಕೊಡವಾ" ಎಂದು ನನಗೆ ಹೇಳಿದರು.

ನಳದಿಂದ ಹಿಡಿದು ಸೋಸಿದ ನೀರು ತುಂಬಿದ ತಂಬಿಗೆ ಕೊಟ್ಟೆ. ಅವನು ತಲೆಯೆತ್ತಿ, ಬಾಯಿ ತೆರೆದು ತಂಬಿಗೆ ಬಗ್ಗಿಸಿದ. ಒಂದು ಹನಿಯೂ ಬೀಳಲಿಲ್ಲ. ಪೂರ್ತಿ ಬೋರಲು ಹಾಕಿದರೂ ಬೀಳಲಿಲ್ಲ. "ಖಾಲಿ ತಂಬಿಗಿ ಕೊಟ್ಟ ಚಾಷ್ಟಿ ಮಾಡ್ತೀಯೇನ?" ಎಂದು ನನ್ನ ಮೇಲೆ ರೇಗಿದ. ನಾನು ಇಸಿದುಕೊಂಡೆ. ಭಾರವಾಗಿತ್ತು. ಅಂಗೈಗೆ ಬಗ್ಗಿಸಿದರೆ ನೀರು ಮೊಣಕೈವರೆಗೆ ಹರಿಯಿತು. ಅದನ್ನು ಅವನೂ ನೋಡಿದ. ಮತ್ತೆ ಕೊಟ್ಟೆ. ಮತ್ತೆ ಬೀಳಲಿಲ್ಲ.

ಅವನು ತಂಬಿಗೆ ಕೆಳಗಿಟ್ಟ. "ಅಕ್ಕಾ, ಒಂದ ಮಾತ ಅಂದಬಿಡಬೇ" ಎಂದು ಗೋಗರೆದ. ಅತ್ತೆ ಅವನ ಒಣ ತುಟಿಯನ್ನೇ ನೋಡುತ್ತಾ ಕುಳಿತರು. ಅವನು ಚಪ್ಪಲಿ ಕೂಡ ಮೆಟ್ಟದೆ ಓಡಿಹೋದ.

ತಂಬಿಗೆಯನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ, ಅದರಲ್ಲೇನೂ ಇಲ್ಲ. ಭರಮಣ್ಣ ತನ್ನ ಮನೆಯಲ್ಲಿ ಚೆನ್ನಾಗಿಯೇ ನೀರು ಕುಡಿಯುತ್ತಾನಂತೆ. ನಮ್ಮ ಹೊಸ್ತಿಲು ಮಾತ್ರ ತುಳಿದಿಲ್ಲ. ಬೋರು ನಡೆಯುತ್ತಲೇ ಇದೆ, ಝರಿ ಬಂದಿಲ್ಲ. ಅಂದು ನಡೆದದ್ದೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಮ್ಮೆ ಧೈರ್ಯ ಮಾಡಿ ಕೇಳಿದೆ: "ನೀವು ಕ್ಷಮಾ ಅಂದಿದ್ರ ನೀರ ಬೀಳತಿತ್ತೇನ್ರಿ ಅತ್ತಿ?"

ಅತ್ತೆ ತಲೆಯೆತ್ತದೆ ಹೇಳಿದರು: "ಬೀಳತಿತ್ತು. ಅದಕ್ಕ ಅನ್ನಲಿಲ್ಲ."