ಬೋಳಾದ ಐದು ಮತ್ತಿಮರಗಳು

1998ರ ಆಗಸ್ಟ್ ತಿಂಗಳು. ಡ್ರಿಲ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಅಂತರಸಂತೆ ಹತ್ತಿರದ ನಮ್ಮ ಹೊಲದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದೆ. ಸೊಪ್ಪು ಬೇಯಿಸುವ ಬ್ಯಾರನ್ ಕಾಡಂಚಿಗೇ ಇತ್ತು. ಒಮ್ಮೆ ಬೆಂಕಿ ಹಾಕಿದರೆ ಐದಾರು ದಿನ ಶಾಖ ಇಳಿಯುವಂತಿಲ್ಲ. ಇಳಿದರೆ ಸೊಪ್ಪೆಲ್ಲ ಹಾಳು. ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡುತ್ತಿದ್ದೆ. ಮಳೆಗೆ ಸೌದೆ ನೆನೆದಾಗ ಹಳೇ ಟೈರಿನ ತುಂಡುಗಳನ್ನು ಒಲೆಗೆ ತುರುಕುತ್ತಿದ್ದೆ. ಹಿಂದಿನ ಎರಡು ವರ್ಷವೂ ಹಾಗೆಯೇ ಮಾಡಿದ್ದೆ.

ಒಂದು ಬೆಳಿಗ್ಗೆ ಪಕ್ಕದ ಗಿರಿಜನರ ಹಾಡಿಯ ಮಾದಮ್ಮ ಬಂದು ನಿಂತಳು. ಮಸಾಲೆಗೆ ಹಾಕುವ ಕಲ್ಲುಹೂವನ್ನು ಮರದ ತೊಗಟೆಯಿಂದ ಬಿಡಿಸಿ ಮಾರಿ ಬದುಕುವವಳು.

"ಮೇಷ್ಟ್ರೇ, ನಿಮ್ ಬ್ಯಾರನ್ ದೆಸೆಯಿಂದ ನನ್ ಮರಗೋಳು ಬೋಳಾಗವೆ ಕಣ್ರೀ."

"ಹೊಗೆ ಮೇಲಕ್ಕೆ ಹೋಗುತ್ತಮ್ಮ. ಮರಕ್ಕೇನಾಗುತ್ತೆ?" ಎಂದೆ.

"ಅದೇನು ನಿಮ್ ಸ್ಕೂಲ್ ಐಕ್ಳಾ, ಸೀಟಿ ಊದುದ್ರೆ ಸಾಲಾಗಿ ಮ್ಯಾಕ್ಕೋಗಕ್ಕೆ? ಬನ್ನಿ, ತೋರುಸ್ತೀನಿ."

ಅರ್ಧ ಗಂಟೆ ಮಾತ್ರ ಎಂದು ಹೇಳಿ ಹೊರಟೆ. ಕಾಡಿನೊಳಗಿನ ಮತ್ತಿಮರಗಳ ತುಂಬ ಬೂದುಹಸಿರು ಕಲ್ಲುಹೂವು. ಬ್ಯಾರನ್ ಕಡೆಯ ಐದು ಮರಗಳಲ್ಲಿ ಒಂದು ಚೂರೂ ಇಲ್ಲ. ಮಾದಮ್ಮ ಒಂದರ ತೊಗಟೆಗೆ ಸೆರಗು ಉಜ್ಜಿ ನನ್ನ ಮುಂದೆ ಹಿಡಿದಳು. ಬರೀ ಮಸಿ.

"ಈಗ ಟೈರು ನಿಲ್ಲಿಸಿದರೆ ನನ್ನ ಸೊಪ್ಪು ಹೋಯಿತಲ್ಲಮ್ಮ. ಒಣಸೌದೆ ಎಲ್ಲಿಂದ ತರಲಿ?" ಎಂದೆ. ಅವಳು ಸರಸರನೆ ಹಾಡಿಯ ಕಡೆ ನಡೆದಳು.

ನಾನು ಮರಳಿದಾಗ ಶಾಖ ಇಳಿಯತೊಡಗಿತ್ತು. ಟೈರಿನ ತುಂಡು ಎತ್ತಿಕೊಂಡೆ. ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಅಷ್ಟರಲ್ಲಿ ಮಾದಮ್ಮನೂ ಅವಳ ಗಂಡನೂ ತಲೆಯ ಮೇಲೆ ಸೌದೆ ಹೊರೆ ಹೊತ್ತು ಬಂದರು. ಮಳೆಗಾಲಕ್ಕೆಂದು ಅಟ್ಟದಲ್ಲಿ ಕೂಡಿಟ್ಟಿದ್ದ ಅವರ ಮನೆಯ ಸೌದೆ.

"ಮತ್ತೆ ನಿಮ್ಮ ಒಲೆಗೆ?"

"ನಮ್ದು ಎಲ್ಡು ಮುದ್ದೆ ಬೇಯೋ ಒಲೆ, ಎಂಗೋ ಆಯ್ತದೆ ಬುಡಿ. ಮೊದ್ಲು ಆ ಟೈರ್ನ ಆಚ್ಗೆ ಎಸೀರಿ."

ಅಂದು ನಾಲ್ಕು ಸಲ ಹೊತ್ತು ತಂದರು. ಸೊಪ್ಪು ಉಳಿಯಿತು. ಮರುವರ್ಷದಿಂದ ಬೇಸಿಗೆಯಲ್ಲೇ ಸೌದೆ ತರಿಸಿ ಶೀಟಿನಡಿ ಒಟ್ಟಿಸಿದೆ. ಮೊದಲ ಗಾಡಿ ಮಾದಮ್ಮನ ಮನೆಗೆ. ಪ್ರತಿ ತಿಂಗಳ ಒಂದನೇ ತಾರೀಖು ಆ ಐದು ಮರಗಳನ್ನು ನೋಡಿಬರುತ್ತಿದ್ದೆ. ನಾಲ್ಕನೇ ವರ್ಷ ಒಂದರಲ್ಲಿ ಉಗುರಿನಷ್ಟು ಕಲ್ಲುಹೂವು ಕಂಡಿತು. ಹಾಡಿಗೆ ಓಡಿದೆ.

ಮಾದಮ್ಮ ನಕ್ಕಳು. "ನಾನಾಗ್ಲೇ ನೋಡಿವ್ನಿ ಮೇಷ್ಟ್ರೇ. ನೀವೇ ಬಂದು ಯೋಳ್ಲಿ ಅಂತ ಸುಮ್ಕಿದ್ದೆ."

ಅರಣ್ಯ ಇಲಾಖೆಗೆ ದೂರು ಕೊಡಬಹುದಾಗಿದ್ದ ಹೆಣ್ಣುಮಗಳು ತನ್ನ ಒಲೆಯ ಸೌದೆ ಕೊಟ್ಟಳು. ಇಂದಿಗೂ ನಮ್ಮ ಅಡುಗೆಮನೆಯಿಂದ ಕಲ್ಲುಹೂವು ಹುರಿದ ಘಮ ಬಂದರೆ, ಕೂತಲ್ಲಿಂದಲೇ ಅವಳಿಗೆ ಮನಸ್ಸಿನಲ್ಲಿ ಕೈಮುಗಿಯುತ್ತೇನೆ.